ಬೆರ್ಚಪ್ಪನ ಸಂಜೆ: ಹ್ಯಾಲೋವೀನ್ ಮಾಡೋದಾದ್ರೆ ಹೀಗೆ ಮಾಡೋಣ

ಅಕ್ಟೋಬರ್ ಬಂತು ಅಂದ್ರೆ ನಮ್ಮ ಕ್ಯಾಂಪಸ್ಸಿನಲ್ಲಿ ಎರಡು ಪಕ್ಷ ಹುಟ್ಟಿಕೊಳ್ಳುತ್ತವೆ. ಒಂದು ಪಕ್ಷದವರಿಗೆ 31ನೇ ತಾರೀಖು ಹ್ಯಾಲೋವೀನ್ ಪಾರ್ಟಿ ಆಗಲೇಬೇಕು. ಇನ್ನೊಂದು ಪಕ್ಷದವರಿಗೆ, ಬೆಳಗಾದ್ರೆ ರಾಜ್ಯೋತ್ಸವ ಇಟ್ಕೊಂಡು ಹಿಂದಿನ ರಾತ್ರಿ ದೆವ್ವದ ವೇಷ ಹಾಕೋದು ನಾಚಿಕೆಗೇಡು. ಈ ಸಲ ಮಾತು ಇನ್ನೊಂದು ಹೆಜ್ಜೆ ಮುಂದಕ್ಕೆ ಹೋಗಿದೆ. ಕಾಲೇಜಿನ ಒಳಗೆ ನಾವೇ ಕುಣಿದು ಮುಗಿಸೋದು ಬೇಡ, ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಊರಲ್ಲಿ ಶಾಲೆ ಮಕ್ಕಳು, ಚರ್ಚಿನವರು, ಬಡಾವಣೆಯವರು ಎಲ್ಲರನ್ನೂ ಸೇರಿಸಿ ಕಾರ್ನಿವಲ್ ಮಾಡೋಣ ಅನ್ನೋ ಮಾತು ನೇರ ಕನ್ನಡ ಸಂಘದ ಮುಂದೆ ಬಂದಿದೆ. ಸಂಘದಲ್ಲಿ ಅರ್ಧ ಜನ ಮುಖ ಸಿಂಡರಿಸಿದರು, ಇನ್ನರ್ಧ ಜನ ಪೋಸ್ಟರ್ ಡಿಸೈನ್ ಮಾಡೋಕೆ ಕೂತೇಬಿಟ್ಟರು.

ನನ್ನ ಅಭಿಪ್ರಾಯ, ಮಾಡಬೇಕು. ಆದ್ರೆ 31ಕ್ಕೆ ಬೇಡ, ಆನ್‌ಲೈನಲ್ಲಿ ತರಿಸೋ ರಬ್ಬರ್ ಮುಖವಾಡ ಬೇಡ, ಟಿಕೆಟ್ಟು ಡಿಜೆ ಎರಡೂ ಬೇಡ. ಇಷ್ಟೆಲ್ಲ ಕಳೆದ ಮೇಲೆ ಉಳಿಯೋದೇನು ಅಂತ ಕೇಳ್ತೀರಿ. ಹ್ಯಾಲೋವೀನ್‌ನಲ್ಲಿ ನಮ್ಮ ಹತ್ರ ಇಲ್ಲದ, ನಾವು ಧಾರಾಳವಾಗಿ ಕಡ ತರಬಹುದಾದ ಒಂದೇ ಒಂದು ಸಂಗತಿ ಇದೆ. ಮಕ್ಕಳು ಗುರುತು ಪರಿಚಯ ಇಲ್ಲದವರ ಮನೆ ಬಾಗಿಲು ತಟ್ಟುತ್ತಾರೆ, ಆ ಮನೆಯವರು ಬಾಗಿಲು ತೆಗೆದು ಕೈಗೆ ಏನಾದರೂ ಕೊಡ್ತಾರೆ. ಅಷ್ಟೇ. ಮಿಕ್ಕಿದ್ದೆಲ್ಲ ನಮ್ಮಲ್ಲಿ ಬೇಕಾದಷ್ಟಿದೆ.

ಮೊದಲು, ಈ ಸಾಮೂಹಿಕ ಹ್ಯಾಲೋವೀನ್ ಅನ್ನೋದು ಎಲ್ಲಿಂದ ಬಂತು ನೋಡೋಣ. ಹಬ್ಬದ ಬೇರು ಐರ್ಲೆಂಡು, ಸ್ಕಾಟ್ಲೆಂಡಿನ ಕಡೆಯದು. ಸುಗ್ಗಿ ಮುಗಿದು ಚಳಿಗಾಲ ಶುರುವಾಗೋ ಹೊತ್ತಿನ ಹಬ್ಬ. ಅಲ್ಲಿ ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡ್ತಿದ್ದರು. ಅಮೆರಿಕಕ್ಕೆ ವಲಸೆ ಹೋದವರಿಗೆ ಅಲ್ಲಿ ಕುಂಬಳಕಾಯಿ ಸಿಕ್ಕಿತು, ದೊಡ್ಡದು, ಕೊರೆಯೋಕೂ ಸುಲಭ, ಟರ್ನಿಪ್ ಬಿಟ್ಟರು. ಅಂದರೆ ಇವತ್ತು ‘ಅಸಲಿ ಹ್ಯಾಲೋವೀನ್’ ಅಂತ ನಾವು ತಿಳಿದಿರೋ ಕುಂಬಳಕಾಯಿ ಕೂಡ ಹೋದ ಊರಲ್ಲಿ ಸಿಕ್ಕಿದ್ದನ್ನು ಹಿಡಿದು ಮಾಡಿದ ಅಡ್ಜಸ್ಟ್‌ಮೆಂಟೇ. ಊರೆಲ್ಲ ಸೇರಿ ಮಾಡೋ ಕಾರ್ನಿವಲ್ಲಿನ ಕತೆ ಇನ್ನೂ ಸ್ವಾರಸ್ಯ. ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ ಅನೋಕಾ ಅಂತ ಒಂದು ಊರಿದೆ. ಅಲ್ಲಿನ ಹುಡುಗರು ಹ್ಯಾಲೋವೀನ್ ರಾತ್ರಿ ಮಾಡ್ತಿದ್ದ ಕಿತಾಪತಿಗೆ ಮಿತಿ ಇರಲಿಲ್ಲ. ದನ ಬಿಚ್ಚಿ ಮುಖ್ಯರಸ್ತೆಗೆ ಅಟ್ಟೋದು, ಕಿಟಕಿಗೆಲ್ಲ ಸೋಪು ಬಳಿಯೋದು. ಊರಿನ ಹಿರಿಯರು ಬೈದು ಸುಮ್ಮನಾಗಲಿಲ್ಲ. 1920ರಲ್ಲಿ ಅದೇ ರಾತ್ರಿ ಊರಿನ ಮೆರವಣಿಗೆ, ಬೆಂಕಿ ಹಾಕಿ ಸುತ್ತ ಸೇರೋದು, ಮಕ್ಕಳಿಗೆ ಪಾಪ್‌ಕಾರ್ನು ಕಡ್ಲೆಕಾಯಿ ಮಿಠಾಯಿ ಹಂಚೋದು ಶುರು ಮಾಡಿದರು. ಅನೋಕಾ ಇವತ್ತು ತನ್ನನ್ನು ಜಗತ್ತಿನ ಹ್ಯಾಲೋವೀನ್ ರಾಜಧಾನಿ ಅಂತ ಕರ್ಕೊಳ್ಳುತ್ತೆ. ಮನೆ ಮನೆಗೆ ಹೋಗಿ ಸಿಹಿ ಕೇಳೋ ಪದ್ಧತಿ ಎರಡನೇ ಮಹಾಯುದ್ಧದ ಕಾಲದಲ್ಲಿ ಸಕ್ಕರೆ ರೇಷನ್ ಆಗಿದ್ದಕ್ಕೆ ಮಂಕಾಗಿತ್ತಂತೆ. 1947ರಲ್ಲಿ ರೇಷನ್ ಹೋದ ಮೇಲೆ ದೇಶ ತುಂಬ ಹಬ್ಬಿತು. ಸಕ್ಕರೆ ನಾಡಿನ ನಮಗೆ ಇದು ಬೇಗ ಅರ್ಥ ಆಗುತ್ತೆ.

ಅನೋಕಾದವರಿಗೆ ಒಂದು ತಲೆನೋವಿತ್ತು, ಅದಕ್ಕೆ ಕಾರ್ನಿವಲ್ ಮದ್ದಾಯಿತು. ನಮಗೆ ಯಾವ ತಲೆನೋವು? ಇದನ್ನು ಕೇಳಿಕೊಳ್ಳದೆ ಕಾರ್ನಿವಲ್ ಮಾಡಿದರೆ ಅದು ಇನ್ನೊಂದು ಫೆಸ್ಟ್ ಆಗುತ್ತೆ. ನಮ್ಮ ಕಾಲೇಜುಗಳಿಗೆ ಫೆಸ್ಟಿಗೇನು ಬರ ಬಂದಿಲ್ಲ.

ವೇಷ, ಮುಖವಾಡ, ಹೆದರಿಸೋದು, ಸತ್ತವರನ್ನು ನೆನೆಯೋದು, ಇದ್ಯಾವುದಕ್ಕೂ ನಾವು ಹೊರಗಡೆ ಕೈಚಾಚಬೇಕಿಲ್ಲ. ಪಿತೃಪಕ್ಷದಲ್ಲಿ ನಮ್ಮ ಮನೆಗಳಲ್ಲಿ ಹಿರಿಯರಿಗೆ ಎಡೆ ಇಡ್ತಾರೆ. ತಾತನಿಗೆ ಏನೇನು ಇಷ್ಟವೋ ಅದೆಲ್ಲ ಎಲೆ ಮೇಲೆ ಇರುತ್ತೆ, ಕೆಲವು ಮನೇಲಿ ಬೀಡಿ ಕೂಡ. ಗ್ರಾಮದೇವತೆ ಹಬ್ಬದಲ್ಲಿ ಸೋಮನ ಕುಣಿತ ನೋಡಿದವರಿಗೆ ಆ ದೊಡ್ಡ ಕೆಂಪು ಮುಖದ ಮುಂದೆ ಹಾಲಿವುಡ್ ಮುಖವಾಡ ಸಪ್ಪೆ ಅನಿಸುತ್ತೆ. ಮಳವಳ್ಳಿಯ ಪಟ್ಟಲದಮ್ಮನ ಸಿಡಿ ಹಬ್ಬದ ರಾತ್ರಿ ಊರಿಗೆ ಊರೇ ಮಲಗಲ್ಲ. ಬಿದಿರ ಚೌಕಟ್ಟಿನ ಒಳಗೆ ಮನುಷ್ಯ ನಿಂತು ಹೊತ್ತು ಕುಣಿಸೋ ಗಾರುಡಿ ಗೊಂಬೆಯನ್ನು ರಾಮನಗರದ ಜಾನಪದ ಲೋಕದಲ್ಲಿ ನಿಂತು ನೋಡಿ. ನಾಗಮಂಗಲ ತಾಲ್ಲೂಕಿನವರಾದ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾಗ ಅದು. ವಾರಕ್ಕೊಮ್ಮೆ ಬೆಂಗಳೂರಿಗೆ ಬಸ್ಸಲ್ಲಿ ಹೋಗೋ ನಮ್ಮಲ್ಲಿ ಎಷ್ಟು ಜನ ಒಳಗೆ ಕಾಲಿಟ್ಟಿದ್ದೀವೋ. ಇನ್ನು ದೆವ್ವ? 90ರ ದಶಕದಲ್ಲಿ ಊರೂರಿನ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದು ದೆವ್ವವನ್ನೇ ವಾಪಸ್ ಕಳಿಸಿದ ಜನ ನಾವು. ಓದೋಕೆ ಬರೋ ದೆವ್ವ, ಅದೂ ಕನ್ನಡ. ನಮ್ಮ ಹಾಸ್ಟೆಲ್ಲಲ್ಲಿ ಬ್ಯಾಕ್‌ಲಾಗಿಗೂ ಹಾಗೇ ಬರೆದಿದ್ದಾರೆ, ಅದು ಮಾತ್ರ ಕೇಳಿಲ್ಲ.

ಬಾಗಿಲಿಂದ ಬಾಗಿಲಿಗೆ ಹೋಗೋದೂ ನಮಗೆ ಹೊಸದಲ್ಲ ಅಂತ ಕೆಲವರು ವಾದ ಮಾಡಬಹುದು. ನಿಜ. ಸಂಕ್ರಾಂತಿಗೆ ಎಳ್ಳು ಬೀರೋಕೆ ಹೋಗ್ತೀವಿ. ದಸರೆಯಲ್ಲಿ ‘ಗೊಂಬೆ ಕೂರ್ಸಿದ್ದೀರಾ?’ ಅಂತ ಕೇಳ್ಕೊಂಡು ಹೋದ ಮಕ್ಕಳಿಗೆ ಚರಪು ಸಿಗುತ್ತೆ. ಕಾಮನ ಹಬ್ಬಕ್ಕೆ ಹುಡುಗರು ಸೌದೆ, ಬೆರಣಿ ಕದಿಯೋದು ಅನೋಕಾ ಹುಡುಗರ ಕಿತಾಪತಿಗೆ ಸರಿಸಮ. ಆದ್ರೆ ಇವುಗಳಲ್ಲಿ ಯಾರು ಯಾರ ಮನೆಗೆ ಹೋಗ್ತಾರೆ ಅನ್ನೋದನ್ನ ಸ್ವಲ್ಪ ಯೋಚಿಸಿ. ಗೊಂಬೆ ಕೂರಿಸೋ ಮನೆ ಯಾವ ಬೀದೀಲಿ ಇರುತ್ತೆ, ಎಳ್ಳಿನ ತಟ್ಟೆ ಎಲ್ಲಿ ತನಕ ಹೋಗಿ ಎಲ್ಲಿಂದ ವಾಪಸ್ ತಿರುಗುತ್ತೆ, ಎಲ್ಲರಿಗೂ ಗೊತ್ತು. ಯಾರೂ ಗೆರೆ ಎಳೆದಿಲ್ಲ, ಮಕ್ಕಳಿಗೂ ಯಾರೂ ಹೇಳಿಕೊಟ್ಟಿಲ್ಲ. ಆದರೂ ಮಕ್ಕಳ ಕಾಲು ಅಲ್ಲಿಗೆ ನಿಲ್ಲುತ್ತೆ. ನಮ್ಮ ಪದ್ಧತಿ ಚೆನ್ನಾಗಿದೆ, ಅದರ ಮ್ಯಾಪು ಚಿಕ್ಕದು.

ಆ ಮ್ಯಾಪು ಈಚೆಗೆ ಇನ್ನೂ ಚಿಕ್ಕದಾಗ್ತಿದೆ. 2024ರ ಸೆಪ್ಟೆಂಬರಲ್ಲಿ ನಾಗಮಂಗಲದಲ್ಲಿ ಗಣೇಶನ ಮೆರವಣಿಗೆ ದಿನ ಗಲಾಟೆಯಾಗಿ ಅಂಗಡಿಗಳಿಗೆ ಬೆಂಕಿ ಬಿತ್ತು. ಮರುವರ್ಷ, 2025ರ ಸೆಪ್ಟೆಂಬರಲ್ಲಿ ಮದ್ದೂರಿನ ಗಣೇಶ ಮೆರವಣಿಗೆ ಮೇಲೆ ಕಲ್ಲು ಬಿತ್ತು. ಆಮೇಲೆ ಬಂದ್, ಪೊಲೀಸ್, ಭಾಷಣ. ಯಾರು ಶುರು ಮಾಡಿದ್ದು ಅಂತ ತೀರ್ಪು ಕೊಡೋಕೆ ನಾನು ಕೂತಿಲ್ಲ, ಅದಕ್ಕೆ ಕೋರ್ಟಿದೆ. ನನಗೆ ಕಾಣೋದು ಇಷ್ಟು. ಅಂಥದ್ದು ನಡೆದ ಮೇಲೆ ದೊಡ್ಡವರು ಹೇಗೋ ಸಂತೆಯಲ್ಲಿ, ಬಸ್ಸಲ್ಲಿ, ಅಂಗಡಿಯಲ್ಲಿ ಮತ್ತೆ ಮಾತಾಡ್ತಾರೆ, ವ್ಯಾಪಾರ ನಿಲ್ಲಲ್ಲವಲ್ಲ. ಮಕ್ಕಳಿಗೆ ಆ ದಾರಿಯೂ ಇಲ್ಲ. ‘ಆ ಕಡೆ ಬೀದಿಗೆ ಹೋಗಬೇಡ’ ಅನ್ನೋ ಒಂದು ಮಾತು ಸಾಕು, ಹತ್ತು ವರ್ಷದ ಹುಡುಗ ಆ ಬೀದಿ ನೋಡದೇ ನಮ್ಮ ವಯಸ್ಸಿಗೆ ಬಂದುಬಿಡ್ತಾನೆ. ನಮ್ಮ ಜಿಲ್ಲೆಯ ತಲೆನೋವು ಇದು. ಹ್ಯಾಲೋವೀನಿನ ಬಾಗಿಲು ತಟ್ಟೋ ಆಟ ಇದಕ್ಕೆ ಪೂರ್ತಿ ಮದ್ದು ಅಂತ ನಾನು ಹೇಳಲ್ಲ, ಆದರೆ ಸರಿಯಾದ ಜಾಗಕ್ಕೆ ಹಚ್ಚೋ ಮುಲಾಮು.

ಅದಕ್ಕೇ ಅಮೆರಿಕದ ಈಗಿನ ಮಾದರಿಯೊಂದನ್ನು ನಕಲು ಮಾಡಬೇಡಿ ಅಂತ ಕೇಳ್ಕೊಳ್ತೀನಿ. ಅಲ್ಲಿನ ಎಷ್ಟೋ ಚರ್ಚುಗಳಲ್ಲಿ, ಶಾಲೆಗಳಲ್ಲಿ ಈಗ ಕಾರುಗಳನ್ನೆಲ್ಲ ಪಾರ್ಕಿಂಗ್ ಜಾಗದಲ್ಲಿ ಸಾಲಾಗಿ ನಿಲ್ಲಿಸಿ, ಡಿಕ್ಕಿ ತೆರೆದು ಅಲಂಕಾರ ಮಾಡಿ, ಮಕ್ಕಳು ಡಿಕ್ಕಿಯಿಂದ ಡಿಕ್ಕಿಗೆ ಹೋಗಿ ಚಾಕೊಲೇಟ್ ಇಸ್ಕೊಳ್ಳೋ ವ್ಯವಸ್ಥೆ ಇದೆ. ಸುರಕ್ಷಿತ, ಒಪ್ಪಿದೆ. ಆದ್ರೆ ಅಲ್ಲಿರೋರೆಲ್ಲ ಪರಿಚಯದವರೇ, ಬಾಗಿಲು ಅನ್ನೋದೇ ಇಲ್ಲ. ನಮ್ಮ ಕಾಲೇಜಿನ ಮೈದಾನದಲ್ಲಿ ಸ್ಟಾಲ್ ಹಾಕಿ ‘ಸಮುದಾಯ ಕಾರ್ನಿವಲ್’ ಅಂತ ಬ್ಯಾನರ್ ಕಟ್ಟಿದರೂ ಅದೇ ಕತೆ. ಬರೋರು ಬರ್ತಾರೆ, ಸೆಲ್ಫಿ ತಗೋತಾರೆ, ಹೋಗ್ತಾರೆ.

ಈಗ ತಾರೀಖಿನ ವಿಷಯ. ಅಕ್ಟೋಬರ್ 31 ನಮಗೆ ಎಲ್ಲಾ ದಿಕ್ಕಿನಿಂದಲೂ ಕೆಟ್ಟ ದಿನ. ಮರುದಿನ ಬೆಳಗ್ಗೆ ಶಾಲೆ ಮಕ್ಕಳು ರಾಜ್ಯೋತ್ಸವಕ್ಕೆ ಸರ್ ಎಂ.ವಿ. ಕ್ರೀಡಾಂಗಣಕ್ಕೋ ತಾಲ್ಲೂಕು ಮೈದಾನಕ್ಕೋ ಬರಬೇಕು, ಹಿಂದಿನ ಸಂಜೆ ಮೇಷ್ಟ್ರುಗಳು ಡ್ರಿಲ್ ಪ್ರ್ಯಾಕ್ಟೀಸಲ್ಲಿ ಇರ್ತಾರೆ. ದೀಪಾವಳಿ ಬೇರೆ ಅಲ್ಲೇ ಎಲ್ಲೋ ಸುಳಿದಾಡ್ತಿರುತ್ತೆ. 2024ರಲ್ಲಂತೂ 31ಕ್ಕೆ ನರಕ ಚತುರ್ದಶಿ, 1ಕ್ಕೆ ರಾಜ್ಯೋತ್ಸವ, 2ಕ್ಕೆ ಬಲಿಪಾಡ್ಯಮಿ ಸಾಲಾಗಿ ಬಂದವು. ಮಳೆಯೂ ಅಕ್ಟೋಬರಲ್ಲಿ ನಂಬೋ ಹಾಗಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಚರ್ಚಿನವರನ್ನು ಕರೀತೀವಿ ಅನ್ನೋರು ಅವರ ಕ್ಯಾಲೆಂಡರ್ ನೋಡಬೇಡವೇ? ನವೆಂಬರ್ 1 ಕ್ಯಾಥೊಲಿಕರಿಗೆ ಸಕಲ ಸಂತರ ಹಬ್ಬ, 2 ಸತ್ತವರೆಲ್ಲರ ಸ್ಮರಣೆಯ ದಿನ. ಸಮಾಧಿಗಳನ್ನು ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚಿ ಪ್ರಾರ್ಥನೆ ಮಾಡ್ತಾರೆ. ನಾವು ಎಡೆ ಇಡೋದಕ್ಕೆ ಬಹಳ ಹತ್ತಿರದ ದಿನ ಅದು. ಹಾಗಿರುವಾಗ ಎರಡು ದಿನ ಮೊದಲು ಥರ್ಮೋಕೋಲಿನ ಸಮಾಧಿ ಮಾಡಿ, ಪ್ಲಾಸ್ಟಿಕ್ ಅಸ್ಥಿಪಂಜರ ನೇತುಹಾಕಿ ‘ಫಾದರ್, ನಿಮ್ಮ ಹಬ್ಬ ಮಾಡ್ತಿದ್ದೀವಿ, ಬನ್ನಿ’ ಅಂದ್ರೆ ಅವರಿಗೆ ಹೇಗನಿಸಬೇಕು? ಹ್ಯಾಲೋವೀನ್ ಅಂದ್ರೆ ಕ್ರೈಸ್ತರ ಹಬ್ಬ ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಎಷ್ಟೋ ಚರ್ಚುಗಳಿಗೆ ಅದು ಬೇಡದ ನೆಂಟ. ಕೆಲವು ಕಡೆ ದೆವ್ವದ ವೇಷ ಬಿಟ್ಟು ಮಕ್ಕಳಿಗೆ ಸಂತರ ವೇಷ ಹಾಕಿಸೋದೂ ಉಂಟು.

ನಾನು ಸೂಚಿಸೋದು ನವೆಂಬರ್ 14ರ ಆಸುಪಾಸಿನ ಒಂದು ಶನಿವಾರ. ಮಕ್ಕಳ ದಿನಾಚರಣೆಗೆ ಶಾಲೆಗಳಲ್ಲಿ ಛದ್ಮವೇಷ ಹೇಗೂ ಇರುತ್ತೆ. ವೇಷ ತಯಾರು, ಅಪ್ಪ ಅಮ್ಮನ ಒಪ್ಪಿಗೆ ತಯಾರು, ಹೆಡ್ ಮೇಷ್ಟ್ರಿಗೂ ಫೈಲಲ್ಲಿ ಬರೆಯೋಕೆ ಕಾರಣ ತಯಾರು. ಸಂಜೆ ಆರಕ್ಕೆಲ್ಲ ಕತ್ತಲಾಗೋ ತಿಂಗಳು, ಹಾಗಾಗಿ ಮಜಾನೂ ಕಮ್ಮಿ ಇಲ್ಲ. ನಾಲ್ಕೂವರೆಗೆ ಶುರು, ಏಳೂವರೆಗೆ ಮುಗೀಬೇಕು. ಚಿಕ್ಕ ಮಕ್ಕಳು ಊಟ ಮಾಡಿ ಮಲಗಬೇಕು ಅನ್ನೋದು ಒಂದು ಕಾರಣ. ನಮ್ಮ ಲೇಡೀಸ್ ಹಾಸ್ಟೆಲ್ ಗೇಟ್ ಮುಚ್ಚೋ ಟೈಮು ಇನ್ನೊಂದು. ‘ರಾತ್ರಿ ಹತ್ತರವರೆಗೆ ಇರಲಿ’ ಅಂತ ಹೇಳಿದವರೆಲ್ಲ ಹುಡುಗರೇ ಅನ್ನೋದನ್ನು ದಾಖಲಿಸಿ ಮುಂದೆ ಹೋಗ್ತೀನಿ.

ವೇಷ, ಅಲಂಕಾರಕ್ಕೆ ಏನು? ಸೋಮನ ಮುಖವಾಡ ನಕಲು ಮಾಡೋಣ ಅಂತ ಒಬ್ಬರು ಹೇಳಿದರು. ಬೇಡ. ಸೋಮ ಅಂದ್ರೆ ದೇವರ ಮುಖ, ಅದನ್ನು ಹೊರೋದಕ್ಕೆ ಮಡಿ, ಹರಕೆ, ಮನೆತನ ಅಂತ ಇದೆ. ಮೂರನೇ ಸೆಮಿಸ್ಟರಿನವನು ರಟ್ಟಿನಲ್ಲಿ ಕತ್ತರಿಸಿ ಹಾಕ್ಕೊಂಡರೆ, ಅಮೆರಿಕದವರು ಬೇರೆ ಜನಾಂಗದ ವೇಷ ಹಾಕಿ ಬೈಸಿಕೊಳ್ಳೋದಕ್ಕಿಂತ ನಾವೇನೂ ವಾಸಿ ಆಗಲ್ಲ. ಕಲಾವಿದರನ್ನು ಕರೆಸೋದಾದ್ರೆ ಮಾತಾಡಿ, ಮುಂಗಡ ಕೊಟ್ಟು, ಕೂರೋಕೆ ಜಾಗ, ಕುಡಿಯೋಕೆ ನೀರು ಕೊಟ್ಟು ಕರೆಸಿ. ಮೆರವಣಿಗೆಗಳಲ್ಲಿ ಗಾರುಡಿ ಗೊಂಬೆ ಹೊತ್ತವರು ಬಿಸಿಲಲ್ಲಿ ಗಂಟೆಗಟ್ಟಲೆ ವಿಐಪಿ ಕಾರಿಗೆ ಕಾಯೋದನ್ನ ನೋಡೇ ಇರ್ತೀರಿ.

ನನ್ನ ಆಯ್ಕೆ ಬೆರ್ಚಪ್ಪ. ನಗಬೇಡಿ. ಹೊಲ ಗದ್ದೆ ಕಾಯೋ, ಹುಲ್ಲು ತುಂಬಿದ ಹಳೇ ಅಂಗಿಯ, ಸುಣ್ಣ ಬಳಿದ ಮಡಕೆ ತಲೆಯ, ಮಸಿಯಲ್ಲಿ ಕಣ್ಣು ಮೀಸೆ ಬರೆದ ನಮ್ಮ ಬೆರ್ಚಪ್ಪ. ಕಟ್ಟೋ ಮನೆ ಮುಂದೆ ದೃಷ್ಟಿಗೆ ನಿಲ್ಲಿಸೋದೂ ಅವನನ್ನೇ. ಇವನ ದೊಡ್ಡ ಗುಣ ಅಂದ್ರೆ ಇವನಿಗೆ ಜಾತಿ ಧರ್ಮ ಇಲ್ಲ. ಗೌಡರ ಗದ್ದೆಯಲ್ಲೂ ಇವನೇ, ಸಾಬರ ತೋಟದಲ್ಲೂ ಇವನೇ, ಚರ್ಚಿನ ಹಿತ್ತಲಲ್ಲಿ ಕುಂಬಳದ ಬಳ್ಳಿ ಹಬ್ಬಿದ್ದರೆ ಅಲ್ಲೂ ಇವನೇ. ಯಾರ ದೇವರಿಗೂ ಅಪಚಾರ ಆಗಲ್ಲ. ಹುಲ್ಲಿಗೆ ನಮ್ಮ ಜಿಲ್ಲೆಯಲ್ಲಿ ಬರ ಇಲ್ಲ, ಹಳೇ ಅಂಗಿ ಎಲ್ಲರ ಮನೇಲಿದೆ, ಮಡಕೆಯನ್ನು ಕುಂಬಾರರ ಹತ್ರವೇ ಕೊಂಡರೆ ನಾಲ್ಕು ಕಾಸು ಊರಲ್ಲೇ ಉಳಿಯುತ್ತೆ. ಒಂದೊಂದು ಬೀದಿಯವರು ಒಂದೊಂದು ಬೆರ್ಚಪ್ಪ ಮಾಡಲಿ. ಹೆಣ್ಣು ಬೆರ್ಚಪ್ಪನೂ ಇರಲಿ, ಹೆಸರು ಅವರೇ ಇಟ್ಟುಕೊಳ್ಳಲಿ. ಮಕ್ಕಳ ಛದ್ಮವೇಷಕ್ಕೂ ಖರ್ಚಿಲ್ಲ, ಅಪ್ಪನ ಅಂಗಿ ಹಾಕಿ ಮುಖಕ್ಕೆ ಮಸಿ ಬಳಿದರೆ ಬೆರ್ಚಪ್ಪನ ಮಗ ರೆಡಿ. ಬಾಡಿಗೆಗೆ ಕಾಸ್ಟ್ಯೂಮ್ ತಂದ ಮಗುವಿಗೂ ತರದ ಮಗುವಿಗೂ ವ್ಯತ್ಯಾಸ ಕಾಣಲ್ಲ, ಸರ್ಕಾರಿ ಶಾಲೆ ಮಕ್ಕಳೂ ಕಾನ್ವೆಂಟ್ ಮಕ್ಕಳೂ ಒಂದೇ ಗುಂಪಲ್ಲಿ ನಡೆಯೋವಾಗ ಇದು ಸಣ್ಣ ವಿಷಯ ಅಲ್ಲ.

ಎಂಜಿನಿಯರಿಂಗ್ ಹುಡುಗರಿಗೆ ಕೆಲಸ ಇಲ್ಲವೇ ಅಂತ ಕೇಳಬೇಡಿ, ಇದೆ. ಮಡಕೆ ಒಳಗೆ ಎಲ್‌ಇಡಿ, ಯಾರಾದರೂ ಹತ್ತಿರ ಬಂದರೆ ಗೊತ್ತಾಗೋ ಪಿಐಆರ್ ಸೆನ್ಸರ್, ಒಂದು ಸರ್ವೋ ಮೋಟರ್, ಆರ್ಡುಯಿನೋ. ಮಗು ಬಾಗಿಲ ಹತ್ರ ಬಂದ ತಕ್ಷಣ ಬೆರ್ಚಪ್ಪ ಕತ್ತು ತಿರುಗಿಸಿ ‘ಯಾರ್ಲಾ ಅದು?’ ಅಂತಾನೆ. ಇಸಿ ಡಿಪಾರ್ಟ್‌ಮೆಂಟಿನ ಮಿನಿ ಪ್ರಾಜೆಕ್ಟುಗಳಲ್ಲಿ ನಾವು ಮಾಡೋ ಆಟೋಮ್ಯಾಟಿಕ್ ಡಸ್ಟ್‌ಬಿನ್ನಿಗಿಂತ ಇದರ ವೈವಾ ಚೆನ್ನಾಗಿರುತ್ತೆ. ಒಂದೇ ಷರತ್ತು, ಎಲ್ಲವೂ ಬ್ಯಾಟರಿಯಲ್ಲಿ ನಡೀಬೇಕು. ಒಣಹುಲ್ಲಿನ ಪಕ್ಕ ಮೇಣದಬತ್ತಿ ಇಡಬೇಡಿ. ಕಂಬಕ್ಕೆ ಕೊಕ್ಕೆ ಹಾಕಿ ಕರೆಂಟ್ ಎಳೆಯೋ ಯೋಚನೆ ಬಂದವರು, ದೊಡ್ಡ ಲೈಟ್ ಬೇಕಿದ್ದರೆ ಸೆಸ್ಕ್ ಕಚೇರಿಗೆ ಹೋಗಿ ತಾತ್ಕಾಲಿಕ ಸಂಪರ್ಕಕ್ಕೆ ಅರ್ಜಿ ಹಾಕಿ. 1902ರಿಂದ ಕರೆಂಟ್ ಉತ್ಪಾದಿಸ್ತಿರೋ ಶಿವನಸಮುದ್ರ ಇರೋ ತಾಲ್ಲೂಕಲ್ಲಿ ಮಕ್ಕಳ ಹಬ್ಬಕ್ಕೆ ಕದ್ದ ಕರೆಂಟ್ ಬೇಡ.

ಇನ್ನು ತಿನಿಸು. ಚರ್ಚೆ ಇಲ್ಲೇ ಬಿಸಿಯಾಗೋದು. 2024ರ ಡಿಸೆಂಬರಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ಆದಾಗ ಬಾಡೂಟದ ವಿಷಯಕ್ಕೆ ಏನೆಲ್ಲ ಆಯ್ತು ನೆನಪಿದೆಯಲ್ಲ. ಊಟ ಅಂದ್ರೆ ನಮ್ಮಲ್ಲಿ ಹೊಟ್ಟೆಯ ಮಾತಷ್ಟೇ ಅಲ್ಲ. ಪ್ಯಾಕ್ ಮಾಡಿದ ಚಾಕೊಲೇಟ್ ಒಂದೇ ಕೊಡೋಣ, ಯಾವ ರಗಳೆಯೂ ಇಲ್ಲ ಅನ್ನೋದು ಬಹುಮತದ ಸಲಹೆ. ರಗಳೆ ಇಲ್ಲ ಅನ್ನೋದು ನಿಜ. ಪ್ಯಾಕೆಟ್ ಆದ್ರೆ ಯಾರ ಕೈಯಿಂದ ಬಂತು ಅಂತ ಯಾವ ಅಮ್ಮನೂ ಕೇಳಲ್ಲ. ಆ ಪ್ರಶ್ನೆ ಏಳಲಿ ಅಂತಾನೇ ನಾನು ಬಯಸೋದು. ಪಕ್ಕದ ಬೀದಿಯ ಮನೆಯಿಂದ ಒಂದು ಮುಷ್ಟಿ ಕಡ್ಲೆಪುರಿ ಇಸ್ಕೊಂಡು ಮಗು ಬಾಯಿಗೆ ಹಾಕ್ಕೊಳ್ಳೋ ಆ ಒಂದು ನಿಮಿಷಕ್ಕೋಸ್ಕರ ಇಷ್ಟೆಲ್ಲ ಓಡಾಟ. ಅದನ್ನೇ ಪ್ಲಾಸ್ಟಿಕ್ಕಲ್ಲಿ ಸುತ್ತಿದರೆ ಉಳಿಯೋದು ವ್ಯಾಯಾಮ. ಆದ್ದರಿಂದ ಹೀಗಿರಲಿ: ಹಬ್ಬಕ್ಕೆ ಸೇರೋ ಪ್ರತಿ ಮನೆಯವರೂ ಕಡ್ಲೆಪುರಿ, ಬೆಲ್ಲದ ಚೂರು, ಕಬ್ಬಿನ ತುಂಡು, ಹುರಿಗಡಲೆ, ಇಂಥ ಸುಲಭದ್ದೇನಾದರೂ ಕೈಯಾರೆ ಕೊಡಲಿ. ಯಾವುದಾದರೂ ತಿನಿಸು ಒಗ್ಗದ ಮಗು ಇದ್ದರೆ ಗುಂಪಿನ ಜೊತೆಗಿರೋ ಸ್ವಯಂಸೇವಕರಿಗೆ ಮೊದಲೇ ಹೇಳಿರಲಿ, ಅಂಥವರಿಗೆ ಪ್ಯಾಕೆಟ್ ಇಟ್ಟಿರೋಣ. ‘ನಮ್ಮ ಮಗು ಅವರ ಮನೇದು ತಿನ್ನಲ್ಲ’ ಅನ್ನೋ ಪೋಷಕರು ಕೂಡ ಬರ್ತಾರೆ, ಅದಕ್ಕೆ ತಯಾರಾಗಿರಿ. ಅವರ ಜೊತೆ ಜಗಳ ಬೇಡ. ಮಗು ಎಲ್ಲಾ ಬಾಗಿಲಿಗೂ ಬರಲಿ, ಚೀಲಕ್ಕೆ ಹಾಕಿಸಿಕೊಳ್ಳಲಿ. ಮನೆಗೆ ಹೋಗೋ ದಾರಿಯಲ್ಲಿ ಆ ಚೀಲ ಏನಾಗುತ್ತೆ ಅಂತ ಮಕ್ಕಳನ್ನ ನೋಡಿದ ಯಾರಿಗಾದರೂ ಗೊತ್ತು.

ಬಾಗಿಲು ಯಾವುದು ತಟ್ಟಬೇಕು, ಯಾವುದು ಬೇಡ? ಅಮೆರಿಕದಲ್ಲಿ ಜಗುಲಿಯ ಲೈಟ್ ಹಚ್ಚಿದ್ದರೆ ಬನ್ನಿ ಅಂತ ಅರ್ಥ. ನಮ್ಮಲ್ಲಿ ಬರಲಿ ಅನ್ನೋ ಮನೆಯವರು ಬಾಗಿಲಲ್ಲಿ ಒಂದು ಪುಟ್ಟ ಸುಣ್ಣದ ಮಡಕೆ ಇಡಲಿ. ಮನೇಲಿ ಕಾಯಿಲೆ, ಪರೀಕ್ಷೆ, ಸೂತಕ, ಏನೇ ಇರಲಿ, ಬೇಡ ಅನ್ನೋರು ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಅಂತ ಬರೆದರೆ ಮುಗೀತು. ಯಾರೂ ಬೇಜಾರು ಮಾಡ್ಕೊಳ್ಳಲ್ಲ, ಮಕ್ಕಳು ಆ ಬಾಗಿಲ ಮುಂದೆ ಜಾಸ್ತಿ ನಗ್ತಾರೆ.

ಮೆರವಣಿಗೆ ಮಾತ್ರ ಬೇಡ. ಮೂರೂರಿನಲ್ಲೂ ಬೇಡ, ಮದ್ದೂರಲ್ಲಂತೂ ಖಂಡಿತ ಬೇಡ. ಮೆರವಣಿಗೆಗೆ ಒಂದು ಮುಂಭಾಗ ಇರುತ್ತೆ, ಘೋಷಣೆ ಇರುತ್ತೆ, ಯಾರ ಮನೆ ಮುಂದೆ ಎಷ್ಟು ಹೊತ್ತು ನಿಂತರು ಅನ್ನೋ ಲೆಕ್ಕ ಇರುತ್ತೆ. ನಮ್ಮದು ಹತ್ತು ಹತ್ತು ಮಕ್ಕಳ ಗುಂಪು, ಜೊತೆಗೆ ನಮ್ಮ ಕಾಲೇಜಿನ ಇಬ್ಬರು, ಒಬ್ಬರು ಶಾಲೆಯ ಟೀಚರೋ ಅಂಗನವಾಡಿ ಮೇಡಮ್ಮೋ. ಒಂದೊಂದು ಗುಂಪಿಗೂ ನಾಲ್ಕು ಬೀದಿ, ಆ ನಾಲ್ಕರಲ್ಲಿ ಎರಡಾದರೂ ಆ ಮಕ್ಕಳು ಯಾವತ್ತೂ ಕಾಲಿಡದ ಬೀದಿ. ಬೀದಿ ಪಟ್ಟಿ ಮಾಡೋದೇ ಇಡೀ ಕಾರ್ನಿವಲ್ಲಿನ ಕಷ್ಟದ ಕೆಲಸ, ಪೋಸ್ಟರ್ ಅಲ್ಲ. ಅದನ್ನು ಕಾಲೇಜಲ್ಲಿ ಕೂತು ಗೂಗಲ್ ಮ್ಯಾಪ್ ನೋಡಿ ಮಾಡೋಕಾಗಲ್ಲ. ಮದ್ದೂರಿಂದ ರೈಲಲ್ಲಿ ಬರೋ ಡೇ ಸ್ಕಾಲರುಗಳು ಮದ್ದೂರಿನದನ್ನು ಮಾಡಲಿ. ಮಳವಳ್ಳಿಗೆ ರೈಲಿಲ್ಲ, ಬಸ್ಸಲ್ಲಿ ಬೆಳಗ್ಗೆ ಆರಕ್ಕೆ ಹೊರಡೋ ನಮ್ಮ ಗೆಳೆಯರಿಗೆ ಶನಿವಾರ ಸಂಜೆ ಮಂಡ್ಯಕ್ಕೆ ಬನ್ನಿ ಅನ್ನೋ ಬದಲು ಅವರ ಊರಿನ ಜವಾಬ್ದಾರಿ ಅವರಿಗೇ ಕೊಡೋಣ. ಮೊದಲ ವರ್ಷ ಊರಿಗೆ ಎರಡೇ ಬಡಾವಣೆ ಸಾಕು. ಒಂದೊಂದು ಊರಲ್ಲೂ ಕೊನೆಗೆ ಎಲ್ಲಾ ಗುಂಪು ಸೇರೋಕೆ ಸರ್ಕಾರಿ ಶಾಲೆಯ ಅಂಗಳ ಕೇಳೋಣ. ಅಲ್ಲಿ ಬೆರ್ಚಪ್ಪಗಳೆಲ್ಲ ಸಾಲಾಗಿ ನಿಲ್ಲಲಿ, ತಮಟೆ ಇರಲಿ, ಬಿಸಿ ಮದ್ದೂರು ವಡೆ ಇರಲಿ. ಚರ್ಚಿನವರು, ಮಸೀದಿ ಕಮಿಟಿಯವರು, ದೇವಸ್ಥಾನದ ಯಜಮಾನರು ವೇದಿಕೆ ಮೇಲೆ ಕೂರೋದು ಬೇಡ, ವೇದಿಕೆಯೇ ಬೇಡ. ಅವರವರ ಮನೆ ಬಾಗಿಲಲ್ಲಿ ಪುರಿ ಹಿಡ್ಕೊಂಡು ನಿಂತರೆ ಸಾಕು, ಅದಕ್ಕಿಂತ ದೊಡ್ಡ ಭಾಷಣ ಇಲ್ಲ.

ಪೊಲೀಸ್ ಠಾಣೆಗೆ, ನಗರಸಭೆ, ಪುರಸಭೆಗಳಿಗೆ, ಬಿಇಒ ಕಚೇರಿಗೆ ಪತ್ರ ಅಕ್ಟೋಬರ್ ಮೊದಲ ವಾರವೇ ಹೋಗಬೇಕು. ಪತ್ರದಲ್ಲಿ ಹ್ಯಾಲೋವೀನ್ ಅಂತ ಬರೀಬೇಕೋ ಬೆರ್ಚಪ್ಪನ ಸಂಜೆ ಅಂತ ಬರೀಬೇಕೋ ಅಂತ ಸಂಘದಲ್ಲಿ ಮೂರು ಮೀಟಿಂಗ್ ಆಗೋದು ಗ್ಯಾರಂಟಿ. ನನ್ನ ವೋಟು ಬೆರ್ಚಪ್ಪನಿಗೆ, ಆದ್ರೆ ಹೆಸರಿಗಾಗಿ ನಾನು ರಾಜೀನಾಮೆ ಕೊಡಲ್ಲ. ಬೀದಿ ಪಟ್ಟಿಯಲ್ಲಿ ‘ಆ ಕಡೆ ಬೀದಿ’ ಬಿಟ್ಟುಹೋದರೆ ಮಾತ್ರ ಕೊಡ್ತೀನಿ. ಪಟ್ಟಿ ಮಾಡೋಕೆ ಬರೋ ಭಾನುವಾರ ಬೆಳಗ್ಗೆ ಹತ್ತಕ್ಕೆ ಮೂರೂ ಊರಲ್ಲಿ ಹೊರಡ್ತಿದ್ದೀವಿ. ಚಪ್ಪಲಿ ಗಟ್ಟಿ ಇರೋರು ಬನ್ನಿ.